ತುಳಿದರೂ ಕೇಳದ ಪೆಡಲ್: ಹಳೆ ಗಿಟಾರ್ ಎಫೆಕ್ಟ್‌ಗಳ ಫುಟ್‌ಸ್ವಿಚ್ ದೋಷ ಹುಡುಕುವ ಬಗೆ

"ಸ್ವಿಚ್ ಹೋಗೈತ್ರಿ ಅಣ್ಣ. ಒಂದ್ಸಲ ಬದಲಿ ಮಾಡ್ಸೀನಿ, ಆದ್ರೂ ಹಂಗ ಐತಿ. ಹೊಸಾದು ಹಾಕಿ ಕೊಡ್ರಿ, ಸಂಜಿಗೆ ಪ್ರೋಗ್ರಾಂ ಐತಿ."

ಗಂಗಾವತಿ ಕಡೆಯ ಆರ್ಕೆಸ್ಟ್ರಾ ಹುಡುಗ. ಬಳ್ಳಾರಿ ಬಸ್‌ಸ್ಟ್ಯಾಂಡಿನಿಂದ ನೇರ ನನ್ನ ರಿಪೇರಿ ಮೇಜಿಗೇ ಬಂದಿದ್ದ. ಕೈಯಲ್ಲಿ ಕಿತ್ತಳೆ ಬಣ್ಣದ ಹಳೆ ಡಿಸ್ಟಾರ್ಷನ್ ಪೆಡಲ್ (ಕಾಲಿನಿಂದ ತುಳಿದರೆ ಗಿಟಾರಿನ ಸದ್ದನ್ನು ಒರಟು ಮಾಡುವ ಡಬ್ಬಿ), ಟವೆಲ್ಲಿನಲ್ಲಿ ಸುತ್ತಿದ್ದು. ಅವನ ಅಡಾಪ್ಟರ್ ಬದಿಗಿಟ್ಟು ಒಂದು 9 ವೋಲ್ಟ್ ಬ್ಯಾಟರಿ ಹಾಕಿ ತುಳಿದೆ. ದೀಪ ಹತ್ತಿತು. ಎರಡನೇ ಸಲ ತುಳಿದೆ, ಆರಲಿಲ್ಲ. ಬಿಚ್ಚಿ ನೋಡಿದರೆ ಎರಡು ದೋಷ. ಒಂದು ಅವನದು: ಮನೆಯ ವೈಫೈ ಡಬ್ಬಿಯ ಅಡಾಪ್ಟರ್ ಚುಚ್ಚಿದ್ದ, ಅದರ ಪ್ಲಸ್ಸು ಮೈನಸ್ಸು ಈ ಪೆಡಲ್‌ಗೆ ಉಲ್ಟಾ. ಇನ್ನೊಂದು ಯಾವುದೋ ಅಂಗಡಿಯಲ್ಲಿ ಹುಟ್ಟಿದ್ದು: ಸರಿಯಿದ್ದ ಸ್ವಿಚ್ಚನ್ನು ಕಿತ್ತು ಹೊಸದು ಹಾಕುವಾಗ ಕೆಳಗಿನ ತಾಮ್ರದ ಪದರವನ್ನೇ ಎಬ್ಬಿಸಿಬಿಟ್ಟಿದ್ದರು. ಮೊದಲು ಒಂದು ರೋಗವೂ ಇಲ್ಲದ ಸ್ವಿಚ್ಚಿಗೆ ಆಪರೇಷನ್ ಆಗಿತ್ತು.

ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಸೋಲ್ಡರಿಂಗ್ ಐರನ್ ಕೊನೆಗೆ ಬರುತ್ತದೆ. ಕೈಯಲ್ಲಿ ಇರಬೇಕಾದ್ದು ಒಂದು ಹೊಸ 9 ವೋಲ್ಟ್ ಬ್ಯಾಟರಿ, ಸರಿಯಿದೆ ಎಂದು ಗೊತ್ತಿರುವ ಎರಡು ಕೇಬಲ್, ಬೀಪ್ ಬರುವ ಸಾದಾ ಮಲ್ಟಿಮೀಟರ್, ಚಿಮುಟ, ಸ್ಕ್ರೂಡ್ರೈವರ್. ಜಪಾನಿನ ಹಳೆ ಪೆಡಲ್‌ಗಳ ಸ್ಕ್ರೂ ತಲೆ ನಮ್ಮ ಸ್ಟಾರ್ ಸ್ಕ್ರೂಡ್ರೈವರಿಗೆ ಸ್ವಲ್ಪ ಜಾರುತ್ತದೆ. ಚೆನ್ನಾಗಿ ಒತ್ತಿ ಹಿಡಿದು ತಿರುಗಿಸಿ, ಇಲ್ಲದಿದ್ದರೆ ತಲೆ ಸವೆದು ಡ್ರಿಲ್ ತರಬೇಕಾಗುತ್ತದೆ.

## ಮೊದಲು: ನಿಮ್ಮದು ಯಾವ ಜಾತಿಯ ಸ್ವಿಚ್?

ಇದು ಗೊತ್ತಾಗದೆ ಮುಂದೆ ಹೋಗಬೇಡಿ, ಎರಡರ ಪರೀಕ್ಷೆಯೂ ಬೇರೆ ಬೇರೆ.

ಒಂದು ಜಾತಿ ಗುಂಡನೆಯ ಲೋಹದ ಗುಬುಟು. ತುಳಿದರೆ 'ಠಕ್' ಎಂದು ಕೂರುತ್ತದೆ, ಮತ್ತೆ ತುಳಿದರೆ 'ಠಕ್' ಎಂದು ಬಿಡುತ್ತದೆ. ಗಿಟಾರಿನ ಸಿಗ್ನಲ್ ನೇರವಾಗಿ ಈ ಸ್ವಿಚ್ಚಿನೊಳಗೇ ಹಾದು ಹೋಗುತ್ತದೆ. ಹಳೆಯ ಫಜ್, ಫೇಸರ್, ವಾ ಪೆಡಲ್‌ಗಳಲ್ಲಿ, ಕೈಯಲ್ಲೇ ಕಟ್ಟಿದ ಪೆಡಲ್‌ಗಳಲ್ಲಿ ಇದು.

ಇನ್ನೊಂದು ಜಾತಿ ಬಾಸ್ ಕಂಪನಿ 1977ರಲ್ಲಿ ಸಣ್ಣ ಪೆಡಲ್‌ಗಳನ್ನು ತಂದಾಗಿನಿಂದ ನಾವೆಲ್ಲ ನೋಡುತ್ತಿರುವುದು. ಮೇಲೆ ಅಗಲವಾದ ಹಲಗೆ, ಅದರ ಕೆಳಗೆ ಟಿವಿಯ ಮುಂಭಾಗದ ಬಟನ್ನಿನಂಥ ಪುಟ್ಟ ಸ್ವಿಚ್. ಒತ್ತಿದಾಗ ಮಾತ್ರ ಸೇರುತ್ತದೆ, ಬಿಟ್ಟರೆ ಬಿಡುತ್ತದೆ. ಸಿಗ್ನಲ್ ಇದರೊಳಗೆ ಹೋಗುವುದೇ ಇಲ್ಲ. ಇದು ಬರೀ ಬಾಗಿಲ ಕರೆಗಂಟೆ. ಒಳಗೆ ಎರಡು ಟ್ರಾನ್ಸಿಸ್ಟರ್ ತಕ್ಕಡಿಯ ಹಾಗೆ ಒಂದು ಮೇಲೆ ಒಂದು ಕೆಳಗೆ ನಿಂತಿರುತ್ತವೆ. ಗಂಟೆ ಒತ್ತಿದಾಗಲೆಲ್ಲ ತಕ್ಕಡಿ ಮಗುಚುತ್ತದೆ, ಅದು ಹೇಳಿದಂತೆ ಎಫ್‌ಇಟಿಗಳು (ಇಲ್ಲಿ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಇನ್ನೊಂದು ಬಗೆಯ ಟ್ರಾನ್ಸಿಸ್ಟರ್) ಸಿಗ್ನಲ್ಲಿನ ದಾರಿ ಬದಲಿಸುತ್ತವೆ. ಐಬನೇಜ್ ಟ್ಯೂಬ್ ಸ್ಕ್ರೀಮರ್ ಕೂಡ ಇದೇ ವಂಶ.

ಬಿಚ್ಚದೆ ತಿಳಿಯುವ ದಾರಿ: ಬ್ಯಾಟರಿ, ಅಡಾಪ್ಟರ್ ಎರಡನ್ನೂ ತೆಗೆದು ಗಿಟಾರ್ ಬಾರಿಸಿ. ಪವರ್ ಇಲ್ಲದೆಯೂ ಸಾದಾ ಸದ್ದು ಬಂದರೆ ಮೊದಲ ಜಾತಿ. ಪೂರ್ತಿ ಮೌನವಾದರೆ ಎರಡನೆಯದು. ಮೊದಲ ಜಾತಿಯಲ್ಲಿ ಒಮ್ಮೆ ತುಳಿದು ಎರಡೂ ಸ್ಥಿತಿಯಲ್ಲಿ ಕೇಳಿ, ಯಾವ ಸ್ಥಿತಿಯಲ್ಲಿದೆಯೋ ಗೊತ್ತಿರುವುದಿಲ್ಲ.

## "ತುಳಿದರೆ ಏನೂ ಆಗಲ್ಲ, ದೀಪಾನೂ ಇಲ್ಲ"

ಸ್ವಿಚ್ಚನ್ನು ಸದ್ಯಕ್ಕೆ ಮರೆತುಬಿಡಿ. ಹೊಸ ಬ್ಯಾಟರಿ ಹಾಕಿ, ಗಿಟಾರ್ ಕೇಬಲ್ಲನ್ನು ಇನ್‌ಪುಟ್ಟಿಗೆ ಪೂರ್ತಿ ಒಳಗೆ ತಳ್ಳಿ. 'ಪೂರ್ತಿ' ಅಂದದ್ದಕ್ಕೆ ಕಾರಣವಿದೆ. ಹೆಚ್ಚಿನ ಪೆಡಲ್‌ಗಳಲ್ಲಿ ಇನ್‌ಪುಟ್ ಜಾಕೇ ಬ್ಯಾಟರಿಯ ಸ್ವಿಚ್. ಅದು ಸ್ಟೀರಿಯೋ ಜಾಕ್, ಮೋನೋ ಪ್ಲಗ್ ಒಳಗೆ ಹೋದಾಗ ಬ್ಯಾಟರಿಯ ಮೈನಸ್ ಗ್ರೌಂಡಿಗೆ ಸೇರುತ್ತದೆ. ಪ್ಲಗ್ ಅರ್ಧ ನಿಂತರೆ ಅಥವಾ ಜಾಕಿನ ತಗಡು ಸಡಿಲವಾಗಿದ್ದರೆ ಪೆಡಲ್ ಸತ್ತಂತೆಯೇ. ಪ್ಲಗ್ ಮೆಲ್ಲಗೆ ಅಲ್ಲಾಡಿಸಿದಾಗ ದೀಪ ಮಿಣುಕಿದರೆ ಜಾಕನ್ನು ನೋಡಿ.

ಬ್ಯಾಟರಿಯಲ್ಲಿ ನಡೆದು ಅಡಾಪ್ಟರಿನಲ್ಲಿ ನಡೆಯದಿದ್ದರೆ ಮೀಟರ್ ತೆಗೆಯಿರಿ. ಡಿಸಿ 20 ವೋಲ್ಟಿನಲ್ಲಿಟ್ಟು ಕೆಂಪು ಕಡ್ಡಿ ಪಿನ್ನಿನ ತೂತಿನೊಳಗೆ, ಕಪ್ಪು ಕಡ್ಡಿ ಹೊರಮೈಗೆ. ಓದು ಮೈನಸ್ಸಿನಲ್ಲಿ ಬಂದರೆ ನಡುವೆ ಮೈನಸ್, ಗಿಟಾರ್ ಪೆಡಲ್‌ಗಳ ಲೋಕದಲ್ಲಿ ಹೆಚ್ಚಾಗಿ ಅದೇ ಸರಿ. ವೈಫೈ ಡಬ್ಬಿ, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್. ಪಿನ್ ಮಾತ್ರ ಸರಿಯಾಗಿ ಕೂರುತ್ತದೆ, ಮೋಸ ಅಲ್ಲೇ. ಪೆಡಲ್ಲಿನ ಪಕ್ಕದಲ್ಲಿರುವ ಚಿತ್ರವನ್ನೂ ನೋಡಿ, ಅಪರೂಪಕ್ಕೆ ಉಲ್ಟಾ ಇರುವ ಹಳೆ ಫಜ್‌ಗಳೂ ಇವೆ.

ಉಲ್ಟಾ ಚುಚ್ಚಿದ ಮೇಲೆ ಬ್ಯಾಟರಿಯಲ್ಲೂ ಏಳದಿದ್ದರೆ ಒಳಗಿನ ರಕ್ಷಣಾ ಡಯೋಡ್ ಸುಟ್ಟು ಶಾರ್ಟ್ ಆಗಿರಬಹುದು. ಬ್ಯಾಟರಿ ಬಿಸಿಯಾಗತೊಡಗಿದರೆ ಅದೇ ಸುಳಿವು, ತಕ್ಷಣ ತೆಗೆಯಿರಿ.

ಇನ್ನೊಂದು ವಿಚಿತ್ರ ದೂರು: ಪೆಡಲ್ ನಡೆಯುತ್ತದೆ, ದೀಪ ಮಾತ್ರ ಮಂಕು. ಹಳೆ ಬಾಸ್ ಪೆಡಲ್ಲಿನ ಮೇಲೆ 'ಎಸಿಎ' ಅಡಾಪ್ಟರ್ ಎಂದು ಬರೆದಿದ್ದರೆ ಅದು ರೆಗ್ಯುಲೇಟ್ ಮಾಡದ ಹಳೇ ಕಾಲದ ಅಡಾಪ್ಟರಿಗೆ ಮಾಡಿದ್ದು. ಆ ಅಡಾಪ್ಟರ್ 9 ಎಂದು ಬರೆದುಕೊಂಡು ಹೆಚ್ಚು ವೋಲ್ಟ್ ಕೊಡುತ್ತಿತ್ತು, ಪೆಡಲ್ ಒಳಗೆ ಅದನ್ನು ಇಳಿಸಿಕೊಳ್ಳುತ್ತಿತ್ತು. ಈಗಿನ ಕಟ್ಟುನಿಟ್ಟಾದ 9 ವೋಲ್ಟ್ ಕೊಟ್ಟರೆ ಅದಕ್ಕೆ ಅರೆಹೊಟ್ಟೆ. ಬ್ಯಾಟರಿ ಹಾಕಿದಾಗ ದೀಪ ಝಗ್ ಅಂದರೆ ಯಾವ ರಿಪೇರಿಯೂ ಬೇಡ.

## "ನಾಲ್ಕು ಸಲ ತುಳಿದ್ರೆ ಒಂದು ಸಲ ಕೇಳ್ತದೆ"

ನನ್ನ ಮೇಜಿಗೆ ಹೆಚ್ಚು ಬರುವ ದೂರು ಇದೇ. ನಮ್ಮ ಕಡೆ ಇದಕ್ಕೆ ಮೊದಲ ಕಾರಣ ಧೂಳು. ತಳದ ತಗಡು ಬಿಚ್ಚಿದರೆ ಪೆಡಲ್ ಯಾವ ಊರಿನದು ಅಂತ ಅರ್ಧ ಹೇಳಬಹುದು. ಸಂಡೂರು ಕಡೆಯದಾದರೆ ಅದಿರಿನ ಕೆಂಪು ಪುಡಿ, ಕೊಪ್ಪಳ ಗಿಣಿಗೇರಿ ಕಡೆಯದಾದರೆ ಸ್ಪಾಂಜ್ ಐರನ್ ಕಾರ್ಖಾನೆಗಳ ಕರಿ ಪುಡಿ, ರಾಯಚೂರಿನದಾದರೆ ಹತ್ತಿಯ ಎಳೆ. ನಮ್ಮ ಬಳ್ಳಾರಿಯ ಜೀನ್ಸ್ ಹೊಲಿಯುವ ಗಲ್ಲಿಯಿಂದ ಬಂದದ್ದರಲ್ಲಿ ನೀಲಿ ನಾರು. ಸ್ವಿಚ್ಚಿನ ಹಳೆ ಗ್ರೀಸ್ ಬೇಸಿಗೆಯ ಕಾವಿಗೆ ಗಟ್ಟಿಯಾಗಿ ಇದನ್ನೆಲ್ಲ ಹಿಡಿದುಕೊಂಡು ಕೂರುತ್ತದೆ.

ಬೆರಳಿನ ಪರೀಕ್ಷೆ. ಹಲಗೆ ಇರುವ ಪೆಡಲ್ಲಾದರೆ ಮುಂದಿನ ಕೈಸ್ಕ್ರೂ ಬಿಚ್ಚಿ ಹಲಗೆ ಎತ್ತಿ. ಒಳಗಿನ ಪುಟ್ಟ ಬಟನ್ನನ್ನು ಬೆರಳಿನಿಂದ ನೇರವಾಗಿ ಹತ್ತಿಪ್ಪತ್ತು ಸಲ ಒತ್ತಿ. ಪ್ರತಿ ಸಲವೂ ಕೇಳಿದರೆ ಸ್ವಿಚ್ ನಿರಪರಾಧಿ. ಹಲಗೆಯೇ ಅದನ್ನು ಸರಿಯಾಗಿ ಮುಟ್ಟುತ್ತಿಲ್ಲ. ರಬ್ಬರ್ ಸವೆದಿದೆ, ಸ್ಪ್ರಿಂಗ್ ಜಾಗ ಬಿಟ್ಟಿದೆ, ಅಥವಾ ಬ್ಯಾಟರಿ ವೈರ್ ನಡುವೆ ಸಿಕ್ಕಿಕೊಂಡು ಹಲಗೆ ಪೂರ್ತಿ ಇಳಿಯುತ್ತಿಲ್ಲ. ಈ ಬ್ಯಾಟರಿ ವೈರಿನ ಕತೆಯನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ರಬ್ಬರ್ ಸವೆದಿದ್ದರೆ ಸೈಕಲ್ ಟ್ಯೂಬಿನ ಸಣ್ಣ ತುಂಡು ಅಂಟಿಸಿದರೂ ಕೆಲಸ ನಡೆಯುತ್ತದೆ. ದಪ್ಪ ಹೆಚ್ಚಾದರೆ ಸ್ವಿಚ್ ಸದಾ ಒತ್ತಿಕೊಂಡೇ ಇರುತ್ತದೆ, ಒಂದೊಂದೇ ಪದರ ಹಾಕಿ ನೋಡಿ.

ಚಿಮುಟದ ಪರೀಕ್ಷೆ. ಬೆರಳಿಗೂ ಸರಿಯಾಗಿ ಕೇಳದಿದ್ದರೆ ತಳ ಬಿಚ್ಚಿ. ಬ್ಯಾಟರಿ ಇರಲಿ, ದೀಪ ಹತ್ತುವ ಸ್ಥಿತಿಯಲ್ಲಿರಲಿ. ಸ್ವಿಚ್ಚಿನಿಂದ ಬರುವ ಎರಡು ಬೆಸುಗೆ ಬಿಂದುಗಳನ್ನು ಚಿಮುಟದ ಎರಡು ತುದಿಯಿಂದ ಒಮ್ಮೆ ಮುಟ್ಟಿ ಬಿಡಿ. ಮುಟ್ಟಿದಾಗಲೆಲ್ಲ ಪೆಡಲ್ ತಪ್ಪದೆ ಬದಲಾದರೆ ಸರ್ಕ್ಯೂಟ್ ಗಟ್ಟಿಯಾಗಿದೆ, ಸ್ವಿಚ್ ಕೆಟ್ಟಿದೆ. ಚಿಮುಟಕ್ಕೂ ಜಗ್ಗದಿದ್ದರೆ ಸ್ವಿಚ್ ಬದಲಿಸಿ ಪ್ರಯೋಜನವಿಲ್ಲ. ಇದು ಐದು ಸೆಕೆಂಡಿನ ಕೆಲಸ. ಆ ಹುಡುಗನ ಪೆಡಲ್ಲಿಗೆ ಇಷ್ಟನ್ನು ಯಾರಾದರೂ ಮಾಡಿದ್ದರೆ ತಾಮ್ರ ಉಳಿಯುತ್ತಿತ್ತು. ಸ್ವಿಚ್ಚಿನ ಬಿಂದು ಬಿಟ್ಟು ಬೇರೆಲ್ಲೂ ಚಿಮುಟ ತಾಗಿಸಬೇಡಿ. ಈ ಪರೀಕ್ಷೆ ಒತ್ತಿದಾಗ ಮಾತ್ರ ಸೇರುವ ಎರಡನೇ ಜಾತಿಗೆ ಮಾತ್ರ.

ಮೀಟರಿನ ಸಾಕ್ಷಿ. ಪವರ್ ತೆಗೆದು ಮೀಟರನ್ನು ಬೀಪಿಗೆ ಇಡಿ. ಪುಟ್ಟ ಬಟನ್‌ಗೆ ನಾಲ್ಕು ಕಾಲಿರುತ್ತದೆ, ಆದರೆ ಸ್ವಿಚ್ ಒಂದೇ. ಕಾಲುಗಳು ಒಳಗೇ ಜೋಡಿ ಜೋಡಿಯಾಗಿ ಸೇರಿಕೊಂಡಿರುತ್ತವೆ. ಒಂದೇ ಜೋಡಿಯ ಮೇಲೆ ಕಡ್ಡಿ ಇಟ್ಟು 'ಒತ್ತದೇನೇ ಬೀಪ್ ಬರ್ತದೆ, ಶಾರ್ಟ್ ಆಗಿದೆ' ಎಂದು ಹೇಳುವವರಿದ್ದಾರೆ. ಮೂಲೆಯಿಂದ ಎದುರು ಮೂಲೆಗೆ ಹಿಡಿಯಿರಿ, ಯಾವತ್ತೂ ತಪ್ಪಾಗುವುದಿಲ್ಲ. ಬಿಟ್ಟಾಗ ಮೌನ, ಒತ್ತಿದಾಗ ಬೀಪ್. ಆಮೇಲೆ ಓಮ್ಸಿಗೆ ಬದಲಿಸಿ ಒತ್ತಿ ಹಿಡಿಯಿರಿ. ಒಳ್ಳೆ ಸ್ವಿಚ್ ಒಂದು ಓಮಿನ ಆಸುಪಾಸು ಸ್ಥಿರವಾಗಿ ನಿಲ್ಲುತ್ತದೆ. ಅಂಕಿ ಹತ್ತು, ನೂರು, ಮುನ್ನೂರು ಎಂದು ಕುಣಿದರೆ ಒಳಗೆ ಕಿಲುಬು ಹಿಡಿದಿದೆ.

ತೊಳೆದು ನೋಡುವುದು. ಎಲೆಕ್ಟ್ರಾನಿಕ್ಸ್ ಅಂಗಡಿಯ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಟನ್ನಿನ ಸಂದಿಗೆ ಬಿಟ್ಟು ಮೂವತ್ತು ನಲವತ್ತು ಸಲ ಒತ್ತಿ, ಒಣಗಲು ಬಿಡಿ. ಕ್ಲೀನರ್ ಬೆಂಕಿ ಹಿಡಿಯುವ ವಸ್ತು. ಪಕ್ಕದಲ್ಲಿ ಕಾದ ಐರನ್ ಇಟ್ಟುಕೊಂಡು ಹೊಡೆಯಬೇಡಿ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಸೀಮೆಎಣ್ಣೆ ಯಾವುದೂ ಬೇಡ. ಎರಡು ದಿನ ನಯವಾಗಿ ನಡೆಯುತ್ತದೆ, ಮೂರನೇ ದಿನ ಧೂಳೆಲ್ಲ ಕೂತು ಕೆಸರಾಗುತ್ತದೆ. ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ. ತೊಳೆದದ್ದು ಆ ಸಂಜೆಯ ಕಾರ್ಯಕ್ರಮಕ್ಕೆ ಸಾಕು, ಆದರೆ ಕಿಲುಬು ಹಿಡಿದ ಬಟನ್ ಮತ್ತೆ ಹಟ ಮಾಡುತ್ತದೆ.

ಬದಲಿಸುವುದು. ಪುಟ್ಟ ಬಟನ್ ಒಂದು ಚಹಾದ ದುಡ್ಡಿಗೂ ಕಮ್ಮಿ. ಟಿವಿ ರಿಪೇರಿಯವರ ಡಬ್ಬಿಯಲ್ಲೂ ಸಿಗುತ್ತದೆ. ಹಳೆಯದರ ಉದ್ದ, ಅಗಲ ಮಾತ್ರ ಅಳೆದರೆ ಸಾಲದು, ಗುಬುಟಿನ ಎತ್ತರವನ್ನೂ ಅಳೆಯಿರಿ. 6×6 ಮಿಲಿಮೀಟರಿನ ಬಟನ್‌ಗಳು ಹತ್ತಾರು ಎತ್ತರದಲ್ಲಿ ಬರುತ್ತವೆ. ಒಂದು ಮಿಲಿಮೀಟರ್ ಗಿಡ್ಡಾದರೆ ಹಲಗೆ ಮುಟ್ಟುವುದಿಲ್ಲ, ಒಂದು ಉದ್ದವಾದರೆ ಹಲಗೆಯ ಭಾರಕ್ಕೇ ಒತ್ತಿಕೊಳ್ಳುತ್ತದೆ.

ಕೀಳುವಾಗ ಅವಸರ ಬೇಡ. ಹಳೆ ಪೆಡಲ್‌ಗಳ ಕಂದು ಬಣ್ಣದ ಬೋರ್ಡ್ ಹೆಚ್ಚು ಕಾವು ತಡೆಯುವುದಿಲ್ಲ, ತಾಮ್ರ ಸಿಪ್ಪೆ ಎದ್ದಂತೆ ಏಳುತ್ತದೆ. 25 ವ್ಯಾಟಿನ ಐರನ್ ಸಾಕು. ಮೊದಲು ಹಳೆ ಬೆಸುಗೆಯ ಮೇಲೆ ಸ್ವಲ್ಪ ಹೊಸ ಲೆಡ್ ಕರಗಿಸಿ, ಹಳೆಯದು ಸಲೀಸಾಗಿ ಹರಿಯುತ್ತದೆ. ಆಮೇಲೆ ಪಂಪಿನಿಂದ ಎಳೆಯಿರಿ. ಒಂದು ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಐರನ್ ಇಡಬೇಡಿ. ಬರಲಿಲ್ಲವೆಂದರೆ ಬಿಟ್ಟು ಮುಂದಿನ ಕಾಲಿಗೆ ಹೋಗಿ, ತಣಿದ ಮೇಲೆ ವಾಪಸ್ ಬನ್ನಿ. ಬಟನ್ನನ್ನು ಕಟಿಂಗ್ ಪ್ಲೇಯರಿನಿಂದ ಮೊದಲೇ ಚೂರು ಮಾಡಿ ಕಾಲುಗಳನ್ನು ಒಂದೊಂದಾಗಿ ತೆಗೆಯುವುದು ಇನ್ನೂ ಸುರಕ್ಷಿತ, ಹೇಗೂ ಅದು ಕಸಕ್ಕೆ ಹೋಗುವಂಥದ್ದು. ಕತ್ತರಿಸುವಾಗ ಚೂರು ಕಣ್ಣಿಗೆ ಹಾರುತ್ತದೆ, ಕನ್ನಡಕ ಇರಲಿ.

## "ಒಮ್ಮೆ ತುಳಿದ್ರೆ ಎರಡು ಸಲ ಬದಲಾಗ್ತದೆ"

ಡಿಸ್ಟಾರ್ಷನ್ ಬಂತು ಅನ್ನುವಷ್ಟರಲ್ಲಿ ಹೋಯಿತು. ಮಲ್ಟಿ ಎಫೆಕ್ಟ್ ಪೆಡಲ್ಲಾದರೆ ಒಂದು ಪ್ಯಾಚ್ (ಮೊದಲೇ ಹೊಂದಿಸಿಟ್ಟ ಸದ್ದು) ಬಿಟ್ಟು ಮುಂದಿನದಕ್ಕೆ ಜಿಗಿಯುತ್ತದೆ. ಸವೆದ ಬಟನ್ನಿನೊಳಗಿನ ತಗಡು ಒಂದೇ ಒತ್ತಿಗೆ ನಡುಗಿ ಹಲವು ಸಲ ಮುಟ್ಟಿ ಬಿಡುತ್ತದೆ. ಪೆಡಲ್ ಪ್ರತಿಯೊಂದನ್ನೂ ಬೇರೆ ತುಳಿತವೆಂದು ಎಣಿಸುತ್ತದೆ.

ಮೆಲ್ಲಗೆ ಒತ್ತಿ, ಹಿಡಿದು, ಎರಡು ಸೆಕೆಂಡ್ ಬಿಟ್ಟು ಕಾಲೆತ್ತಿ. ಒತ್ತಿದಾಗ ಒಮ್ಮೆ, ಎತ್ತಿದಾಗ ಇನ್ನೊಮ್ಮೆ ಬದಲಾದರೆ ಬಟನ್ ಬದಲಿಸುವ ಕಾಲ ಬಂದಿದೆ. ಬೆರಳಲ್ಲಿ ಸರಿ, ಬೂಟಿನಲ್ಲಿ ಮಾತ್ರ ತೊಂದರೆ ಎಂದಾದರೆ ಹಲಗೆಯ ರಬ್ಬರ್ ಗಟ್ಟಿಯಾಗಿ ಪುಟಿಯುತ್ತಿದೆ. ಹೊಸ ಬಟನ್ ಹಾಕಿದ ಮೇಲೂ ಹೋಗದಿದ್ದರೆ ಬಟನ್ನಿನ ಪಕ್ಕದ ಸಣ್ಣ ಕೆಪಾಸಿಟರ್‌ಗಳ ಮೇಲೆ ಅನುಮಾನ ಪಡಿ.

ಹಿಂದೆ ಯಾರೋ ಕೈಯಾಡಿಸಿದ ಪೆಡಲ್ಲಾದರೆ ಇನ್ನೊಂದು ಚಮತ್ಕಾರ ಕಾಣುತ್ತದೆ: ಸರಿಯಾಗಿ ಎರಡನೇ ತುಳಿತಕ್ಕೊಮ್ಮೆ ಮಾತ್ರ ಕೆಲಸ. ಒತ್ತಿ ಬಿಡುವ ಸ್ವಿಚ್ ಇರಬೇಕಾದಲ್ಲಿ ಕೂತು ಏಳುವ ಸ್ವಿಚ್ ಹಾಕಿದ್ದಾರೆ, ಆದ್ದರಿಂದ ಒಂದು ತುಳಿತಕ್ಕೆ ಸೇರುತ್ತದೆ, ಇನ್ನೊಂದು ಬರೀ ಬಿಡಿಸುವುದಕ್ಕೆ ಹೋಗುತ್ತದೆ. ಇದರ ಉಲ್ಟಾ, ಕಾಲಿಟ್ಟಷ್ಟು ಹೊತ್ತು ಮಾತ್ರ ಎಫೆಕ್ಟ್ ಬಂದರೆ, ಅದಲುಬದಲು ಇನ್ನೊಂದು ದಿಕ್ಕಿನಲ್ಲಿ ಆಗಿದೆ. ಸ್ವಿಚ್ ಎರಡೂ ಕಡೆ ಹೊಸದೇ, ಜಾತಿ ತಪ್ಪು.

## "ದೀಪ ಹತ್ತುತ್ತೆ, ಸದ್ದು ಬದಲಾಗಲ್ಲ"

ದೀಪ ಹತ್ತಿತೆಂದರೆ ದೀಪದ ದಾರಿ ಸರಿಯಿದೆ ಎಂದಷ್ಟೇ ಅರ್ಥ. ಗುಬುಟಿನ ಸ್ವಿಚ್ಚಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ತಿರುಗಿಸಿದರೆ ಒಂಬತ್ತು ಕಾಲು, ಮೂರರಂತೆ ಮೂರು ಸಾಲು. ಅಂಗಡಿಯಲ್ಲಿ ತ್ರೀ-ಪಿಡಿಟಿ ಎನ್ನುತ್ತಾರೆ. ಇದು ಒಂದೇ ಗುಬುಟಿಗೆ ಕಟ್ಟಿದ ಮೂರು ಸ್ವಿಚ್. ಪ್ರತಿ ಸಾಲಿನ ನಡುಕಾಲು ಒಮ್ಮೆ ಈ ಕಡೆಯ ಕಾಲಿಗೆ, ಒಮ್ಮೆ ಆ ಕಡೆಯ ಕಾಲಿಗೆ ಸೇರುತ್ತದೆ. ಒಂದು ಸಾಲು ಗಿಟಾರಿನಿಂದ ಬರುವ ಸಿಗ್ನಲ್ಲಿಗೆ, ಒಂದು ಆಂಪ್ಲಿಫೈಯರಿಗೆ ಹೋಗುವುದಕ್ಕೆ, ಒಂದು ದೀಪಕ್ಕೆ. ದೀಪದ ಸಾಲು ಗಟ್ಟಿಯಾಗಿದ್ದು ಪಕ್ಕದ ಸಾಲು ಸತ್ತಿರಬಹುದು. ದೀಪವೇ ಇಲ್ಲದ ಹಳೆ ಪೆಡಲ್‌ಗಳಲ್ಲಿ ಆರು ಕಾಲಿನ ಡಿಪಿಡಿಟಿ (ಇಂಥದೇ ಎರಡು ಸಾಲು), ಅಥವಾ ಮೂರೇ ಕಾಲಿನದು ಇರುತ್ತದೆ.

ಮೊದಲು ಕಿವಿಯಿಂದ ವಿಂಗಡಿಸಿ. ಗುಬುಟನ್ನು ಬೆರಳಿನಿಂದ ಒತ್ತಿ ಹಿಡಿದಾಗ, ಪಕ್ಕಕ್ಕೆ ಮೆಲ್ಲಗೆ ಬಾಗಿಸಿದಾಗ ಸದ್ದು ಬಂದು ಹೋಗುತ್ತಿದ್ದರೆ ಸ್ವಿಚ್ಚಿನ ಕಡೆ ಬೆರಳು ತೋರಿಸಬಹುದು. ಪೆಟ್ಟಿಗೆಯ ಮೈ ತಟ್ಟಿದಾಗ ಬಂದು ಹೋದರೆ ಜಾಕ್ ಅಥವಾ ಬಿರುಕು ಬಿಟ್ಟ ಬೆಸುಗೆ. ಬೈಪಾಸಿನಲ್ಲಿ, ಅಂದರೆ ಎಫೆಕ್ಟ್ ಇಲ್ಲದ ಸ್ಥಿತಿಯಲ್ಲಿ, ಸದ್ದು ಚೆನ್ನಾಗಿದ್ದು ಎಫೆಕ್ಟ್ ಹಾಕಿದಾಗ ಪೂರ್ತಿ ಮೌನವಾದರೆ ಎರಡೂ ಸಾಧ್ಯ, ಸ್ವಿಚ್ಚಿನ ಸಾಲು ಸತ್ತಿರಬಹುದು, ಎಫೆಕ್ಟಿನ ಸರ್ಕ್ಯೂಟೇ ಸತ್ತಿರಬಹುದು.

ಬೇರ್ಪಡಿಸಲು ಪವರ್, ಕೇಬಲ್ ಎಲ್ಲ ತೆಗೆದು ಮೀಟರನ್ನು ಬೀಪಿಗೆ ಇಡಿ. ಮೊದಲ ಸಾಲಿನ ನಡುಕಾಲಿಗೆ ಒಂದು ಕಡ್ಡಿ, ಪಕ್ಕದ ಕಾಲಿಗೆ ಇನ್ನೊಂದು. ತುಳಿಯಿರಿ. ಬೀಪ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾರಬೇಕು. ಮೂರೂ ಸಾಲು ಒಂದೇ ತಾಳದಲ್ಲಿ ಹಾರಬೇಕು. ಎರಡು ಸಾಲು ಹಾರಿ ಒಂದು ಮೂಕವಾದರೆ ಕಳ್ಳ ಸಿಕ್ಕ. ವೈರಿಂಗಿನಿಂದಾಗಿ ಕೆಲವು ಕಾಲುಗಳು ಹೊರಗೇ ಒಂದಕ್ಕೊಂದು ಸೇರಿರುತ್ತವೆ, ಆಗ ಬೀಪ್ ಗೊಂದಲ ಮಾಡುತ್ತದೆ. ಆಗ ಒಂದು ಸಣ್ಣ ವೈರಿನ ಎರಡೂ ತುದಿಗೆ ಕ್ರೊಕೊಡೈಲ್ ಕ್ಲಿಪ್ ಹಾಕಿ, ಪವರ್ ಕೊಟ್ಟು, ಎಫೆಕ್ಟ್ ಸ್ಥಿತಿಯಲ್ಲಿ ಸೇರಬೇಕಾದ ಎರಡು ಕಾಲುಗಳನ್ನು ಹೊರಗಿನಿಂದಲೇ ಸೇರಿಸಿ. ಆಂಪ್ಲಿಫೈಯರಿನ ವಾಲ್ಯೂಮ್ ಇಳಿಸಿರಿ, ಇಲ್ಲದಿದ್ದರೆ ಸ್ಪೀಕರಿಗೂ ಪಕ್ಕದ ಮನೆಗೂ ತೊಂದರೆ. ಕ್ಲಿಪ್ ಹಾಕಿದಾಗ ಎಫೆಕ್ಟ್ ಬಂದರೆ ಸ್ವಿಚ್ ಬದಲಿಸಿ. ಬರದಿದ್ದರೆ ಸ್ವಿಚ್ಚನ್ನು ಮುಟ್ಟಬೇಡಿ.

ಈ ಸ್ವಿಚ್ಚುಗಳನ್ನು ಬಿಚ್ಚಿ ಶುಚಿ ಮಾಡಬಹುದೆ? ಬಹುದು. ತಗಡಿನ ಮಡಿಕೆಗಳನ್ನು ಬಿಡಿಸಿದರೆ ಒಳಗೆ ಮೂರು ಪುಟ್ಟ ತೂಗುಪಟ್ಟಿ, ಸ್ಪ್ರಿಂಗ್. ನಾನೂ ಮಾಡಿದ್ದೇನೆ. ಒಂದು ಸ್ಪ್ರಿಂಗ್ ಹಾರಿ ಬೀರುವಿನ ಕೆಳಗೆ ಹೋಗಿ ಅರ್ಧ ದಿನ ಹೋಯಿತು, ಮಡಿಕೆ ಮತ್ತೆ ಮಡಚುವಾಗ ಮುರಿಯಿತು. ಒಂದು ಊಟದ ದುಡ್ಡಿಗೆ ಹೊಸದು ಸಿಗುವಾಗ ಈ ಸಾಹಸ ತುರ್ತಿಗೆ ಮಾತ್ರ. ಬಳ್ಳಾರಿ, ಕೊಪ್ಪಳದಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆ, ರಾಯಚೂರಿನವರಿಗೆ ಹೈದರಾಬಾದಿನ ಕೋಠಿ ಹತ್ತಿರ.

ಹೊಸದನ್ನು ಬೆಸೆಯುವ ಮೊದಲೇ ಮೀಟರಿನಲ್ಲಿ ಪರೀಕ್ಷಿಸಿ. ಕವರಿನಿಂದ ತೆಗೆದದ್ದೇ ಸತ್ತಿರುವುದುಂಟು. ಹಳೆಯದರ ಫೋಟೊವನ್ನು ಎರಡು ಕೋನದಿಂದ ತೆಗೆದುಕೊಳ್ಳಿ. ಕಾಲುಗಳ ಚಪ್ಪಟೆ ಮುಖ ಯಾವ ದಿಕ್ಕಿಗಿದೆ ನೋಡಿ ಹೊಸದನ್ನೂ ಹಾಗೇ ಕೂರಿಸಿ. ಒಂಬತ್ತು ಕಾಲು ಚೌಕಾಕಾರ, ಸುತ್ತಿನ ನಾಲ್ಕನೇ ಒಂದರಷ್ಟು ತಿರುಗಿದರೂ ಒಂದೇ ತರಹ ಕಾಣುತ್ತದೆ, ಆದರೆ ಸಾಲೆಲ್ಲ ಅಡ್ಡವಾಗಿ ಏನೂ ನಡೆಯುವುದಿಲ್ಲ.

ಬೆಸುಗೆಯಲ್ಲಿ ಈ ಸ್ವಿಚ್ ತುಂಬ ಸೂಕ್ಷ್ಮ. ಕಾಲುಗಳು ಪ್ಲಾಸ್ಟಿಕ್ಕಿನಲ್ಲಿ ನಾಟಿಕೊಂಡಿವೆ. ಕಾವು ಹೆಚ್ಚಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಕಾಲು ಕೂದಲೆಳೆಯಷ್ಟು ವಾಲುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ, ಒಳಗೆ ತೂಗುಪಟ್ಟಿ ಆ ಕಾಲನ್ನು ಮುಟ್ಟುವುದನ್ನೇ ಬಿಡುತ್ತದೆ. ಹೊಸ ಸ್ವಿಚ್ ಹಾಕಿದ ದಿನವೇ ಕೆಟ್ಟಿತು ಅನ್ನುವವರ ಕತೆ ಇದೇ. ವೈರಿನ ತುದಿಗೆ ಮೊದಲೇ ಲೆಡ್ ಹಚ್ಚಿಡಿ, ಕಾಲಿಗೂ ಒಂದು ತೊಟ್ಟು ಹಚ್ಚಿ, ಆಮೇಲೆ ಎರಡನ್ನೂ ಸೇರಿಸಿ ಐರನ್ ಮುಟ್ಟಿಸಿ ತೆಗೆಯಿರಿ. ಈ ಮೂಲೆಯದಾದ ಮೇಲೆ ಎದುರು ಮೂಲೆ, ಪಕ್ಕದ್ದು ಬೇಡ. ನಡುವೆ ತಣಿಯಲು ಬಿಡಿ, ಒಂದು ಗುಟುಕು ಚಹಾ ಕುಡಿಯಿರಿ. ಕುಡಿಯುವ ಮೊದಲು ಕೈ ತೊಳೆಯಿರಿ, ಅದು ಸೀಸ. ಫ್ಯಾನ್ ಹೊಗೆಯನ್ನು ನಿಮ್ಮ ಮುಖದಿಂದ ಆಚೆಗೆ ತಳ್ಳುವಂತಿರಲಿ.

ನಟ್ ಬಿಗಿಸುವಾಗ ಒಳಗಿನಿಂದ ಸ್ವಿಚ್ಚಿನ ಮೈ ಹಿಡಿದುಕೊಳ್ಳಿ. ನಟ್ಟಿನ ಜತೆ ಸ್ವಿಚ್ಚೂ ಸುತ್ತಿದರೆ ಒಂಬತ್ತು ವೈರೂ ತಿರುಚಿ ಯಾವುದೋ ಒಂದು ಕಿತ್ತುಬರುತ್ತದೆ. ಸಡಿಲ ನಟ್ಟಿನಲ್ಲೇ ತಿಂಗಳುಗಟ್ಟಲೆ ತುಳಿದವರ ಪೆಡಲ್‌ಗಳಲ್ಲಿ ಆಗಿರುವುದೂ ಇದೇ.

ಹಲಗೆಯ ಪೆಡಲ್ಲಿನಲ್ಲಿ ಇದೇ ದೂರಿದ್ದರೆ, ದೀಪ ಬದಲಾಗುತ್ತಿದ್ದು ಸದ್ದು ಬದಲಾಗದಿದ್ದರೆ, ಬಟನ್ ತನ್ನ ಕೆಲಸ ಮಾಡಿದೆ. ದೋಷ ಎಫ್‌ಇಟಿಯಲ್ಲೋ ಅದರ ಹಿಂದೆಯೋ ಇದೆ. ಕೈ ಪಳಗಿದವರು ಮೀಟರಿನ ಕಪ್ಪು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು ಆ ಎರಡು ತಕ್ಕಡಿ ಟ್ರಾನ್ಸಿಸ್ಟರ್‌ಗಳ ಕಲೆಕ್ಟರ್ ನೋಡಲಿ. ಒಂದರಲ್ಲಿ ಹೆಚ್ಚು ವೋಲ್ಟ್, ಇನ್ನೊಂದರಲ್ಲಿ ಸೊನ್ನೆಯ ಹತ್ತಿರ ಇದ್ದು, ತುಳಿದಾಗ ಅದಲುಬದಲಾಗಬೇಕು. ಹಾಗಾದರೂ ಸದ್ದು ಬದಲಾಗದಿದ್ದರೆ ಎಫ್‌ಇಟಿ. ಹಳೆ ಬಾಸ್‌ಗಳಲ್ಲಿರುವ 2ಎಸ್‌ಕೆ30ಎ ಈಗ ತಯಾರಾಗುವುದಿಲ್ಲ, ಆ ಹೆಸರು ಅಚ್ಚುಮಾಡಿದ ನಕಲಿಗಳು ಧಾರಾಳ. ಮೀಟರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ ಬಲ್ಲವರಿಗೆ ಕೊಡಿ.

## "ತುಳಿದಾಗ 'ಟಪ್' ಅಂತದೆ"

ಇದಕ್ಕೆ ಸ್ವಿಚ್ ಬದಲಿಸುವುದು ದಂಡ. ಗುಬುಟಿನ ಪೆಡಲ್ಲಾದರೆ ಬೆನ್ನುಬೆನ್ನಿಗೆ ಐದಾರು ಸಲ ತುಳಿದು ಕೇಳಿ. ಮೊದಲ 'ಟಪ್' ಜೋರು, ಮುಂದಿನವು ಮೆತ್ತಗಾಗುತ್ತ ಹೋಗಿ, ಹತ್ತು ನಿಮಿಷ ಬಿಟ್ಟರೆ ಮತ್ತೆ ಜೋರಾದರೆ ಕೆಪಾಸಿಟರಿನ ತುದಿಯಲ್ಲಿ ಕೂಡಿಕೊಂಡ ಡಿಸಿ ಒಮ್ಮೆಲೇ ಹರಿಯುತ್ತಿದೆ. ಇನ್‌ಪುಟ್ಟಿನಿಂದ ಗ್ರೌಂಡಿಗೆ, ಔಟ್‌ಪುಟ್ಟಿನಿಂದ ಗ್ರೌಂಡಿಗೆ ಒಂದೊಂದು 1 ಮೆಗಾಓಮ್ ರೆಸಿಸ್ಟರ್ ಇಲ್ಲದ ಪೆಡಲ್‌ಗಳ ಸಾಮಾನ್ಯ ಗುಣ ಇದು. ರೆಸಿಸ್ಟರನ್ನು ಸ್ವಿಚ್ಚಿನ ಎಫೆಕ್ಟ್ ಕಡೆಯ ಕಾಲುಗಳಿಗೆ ಸೇರಿಸಿದರೆ ಸಾಕು. ಇದ್ದೂ 'ಟಪ್' ಎಂದರೆ ಆ ಕೆಪಾಸಿಟರ್ ಸೋರುತ್ತಿದೆ.

## ವಾ ಪೆಡಲ್: "ಮುಂದೆ ಒತ್ತಿದ್ರೂ ಆನ್ ಆಗಲ್ಲ"

ಕ್ರೈ ಬೇಬಿ ತರಹದ, ಕಾಲಿನಿಂದ ಹಿಂದೆ ಮುಂದೆ ತೂಗಿಸುವ ವಾ ಪೆಡಲ್‌ಗಳಲ್ಲಿ ಸ್ವಿಚ್ ಹಲಗೆಯ ಮುಂಗಾಲಿನ ಕೆಳಗಿರುತ್ತದೆ. ಹಲಗೆಯ ತಳದ ರಬ್ಬರ್ ಬಿದ್ದುಹೋಗಿದೆಯೇ ನೋಡಿ. ರಬ್ಬರ್ ಇದ್ದೂ ಆನ್ ಆಗದಿದ್ದರೆ ಸ್ವಿಚ್ ಕೆಳಗೆ ಜಾರಿದೆ. ಮೇಲೊಂದು ಕೆಳಗೊಂದು ನಟ್ ಇರುತ್ತದೆ, ಅರ್ಧ ಸುತ್ತಿನಂತೆ ಎತ್ತರಿಸುತ್ತ ಬನ್ನಿ. ಅತಿಯಾಗಿ ಎತ್ತಿದರೆ ಬಾರಿಸುವಾಗ ತನ್ನಷ್ಟಕ್ಕೆ ಆಫ್ ಆಗುತ್ತದೆ, ವಾ ಕೂಡ ಪೂರ್ತಿ ಬಾಯಿ ತೆರೆಯುವುದಿಲ್ಲ.

## ಎಲ್ಲಿ ಕೈ ತೆಗೆಯಬೇಕು

9 ವೋಲ್ಟಿನ ಪೆಡಲ್ ಬಿಚ್ಚಿದರೆ ಜೀವಕ್ಕೆ ಅಪಾಯವಿಲ್ಲ. ಆದರೆ ಗೋಡೆಯ ಕರೆಂಟ್ ನೇರವಾಗಿ ಒಳಗೆ ಹೋಗುವ ವೈರಿರುವ ಹಳೆ ಪೆಡಲ್, ವಾಲ್ವ್ ಇರುವ ಪೆಡಲ್ ಬಂದರೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಹೊಡೆತ ಉಳಿದಿರುತ್ತದೆ. ಅಮೆರಿಕದಿಂದ ಬಂದದ್ದಾದರೆ 110 ವೋಲ್ಟಿನದಿರಬಹುದು, ನಮ್ಮ 230ಕ್ಕೆ ಚುಚ್ಚಿದ ಕ್ಷಣವೇ ಹೊಗೆ. ಅಕ್ಕಿಕಾಳಿಗಿಂತ ಸಣ್ಣ ಬಿಡಿಭಾಗಗಳಿರುವ ಹೊಸ ಕಾಲದ ಬೋರ್ಡ್, ಎದ್ದ ತಾಮ್ರ, ನೀರು ಹೊಕ್ಕ ಡಿಜಿಟಲ್ ಡಿಲೇ ಇವೂ ಮನೆಯ ಮೇಜಿನ ಕೆಲಸವಲ್ಲ.

ಇನ್ನೊಂದು ದೂರು ಜಾತ್ರೆ ಸೀಸನ್ನಿನಲ್ಲಿ ಬರುತ್ತದೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯಿಂದ ಹಿಡಿದು ಯುಗಾದಿ ದಾಟುವ ತನಕ ಊರೂರಿಗೆ ಸ್ಟೇಜ್, ಜನರೇಟರ್. "ಪೆಡಲ್ ಸ್ವಿಚ್ ಶಾಕ್ ಹೊಡಿತದ, ಮೈಕಿಗೆ ತುಟಿ ಹತ್ತಿದ್ರ ಝುಮ್ ಅಂತದ." ಬ್ಯಾಟರಿಯ ಪೆಡಲ್ ಶಾಕ್ ಹೊಡೆಯಲಾರದು. ಆಂಪ್ಲಿಫೈಯರಿಗೋ ಮಿಕ್ಸರಿಗೋ ಅರ್ಥಿಂಗ್ ಇಲ್ಲ, ಕೇಬಲ್ಲಿನ ಮೂಲಕ ಅದು ಪೆಡಲ್ಲಿನ ಲೋಹದ ಮೈಗೆ, ಗಿಟಾರಿನ ತಂತಿಗೆ ಬಂದಿದೆ. ಬಾರಿಸುವುದನ್ನು ಅಲ್ಲೇ ನಿಲ್ಲಿಸಿ. ಮೈನ್ ಆಫ್ ಮಾಡಿಸಿದ ಮೇಲೆ ಕೇಬಲ್ ಕಿತ್ತು ಕರೆಂಟಿನವರನ್ನು ಕರೆಸಿ. 'ಹಮ್ ಹೋಗಲಿ' ಎಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ ಮುರಿದಿಟ್ಟವರನ್ನು ನೋಡಿದ್ದೇನೆ. ಸ್ಟೇಜಿನ ಮೇಲೆ ಜೀವ ಕಾಯುವುದು ಆ ಪಿನ್ನೇ.

ಗಂಗಾವತಿ ಹುಡುಗನ ಪೆಡಲ್ಲಿಗೆ ಎದ್ದ ತಾಮ್ರದ ಜಾಗದಲ್ಲಿ ಬಟನ್ನಿನ ಕಾಲಿನಿಂದ ಮುಂದಿನ ರೆಸಿಸ್ಟರಿನವರೆಗೆ ಒಂದು ಸಣ್ಣ ವೈರ್ ಎಳೆದು ಬೆಸೆದೆ. ಬ್ಯಾಟರಿ ಹಾಕಿ ಐವತ್ತು ಸಲ ತುಳಿಯಲು ಹೇಳಿದೆ, ಎಣಿಸುತ್ತ ತುಳಿದ, ಒಂದೂ ತಪ್ಪಲಿಲ್ಲ. ಅವನ ವೈಫೈ ಅಡಾಪ್ಟರಿನ ಮೇಲೆ ಬಿಳಿ ಟೇಪ್ ಸುತ್ತಿ 'ಪೆಡಲ್‌ಗೆ ಬೇಡ' ಎಂದು ಬರೆದು ಕೊಟ್ಟೆ. ಹಳೇ ಅಂಗಡಿಯವರು ಕಿತ್ತು ಪೊಟ್ಟಣದಲ್ಲಿ ಕಟ್ಟಿಕೊಟ್ಟಿದ್ದ ಮೂಲ ಬಟನ್ ಅವನ ಜೇಬಿನಲ್ಲೇ ಇತ್ತು. ಮೀಟರ್ ಹಿಡಿದು ಒತ್ತಿದೆ. ಬೀಪ್ ಸ್ಪಷ್ಟವಾಗಿ ಬಂತು.